ಬಲಮುರಿ ಅಣುವೂ ಮೂತ್ರಪಿಂಡದ ಆರೋಗ್ಯವೂ

ಕೈಮುಗಿದಾಗ ನಮ್ಮ ಎರಡು ಅಂಗೈಗಳು ಒಂದಕ್ಕೊಂದು ಸರಿಯಾಗಿ ಹೊಂದಿಕೊಳ್ಳುತ್ತವೆ. ಆದರೆ ಎಡಗೈಯನ್ನು ಬಲಗೈಯ ಬೆನ್ನಿನ ಮೇಲಿರಿಸಿದರೆ ಹೆಬ್ಬೆರಳುಗಳು ವಿರುದ್ಧ ದಿಕ್ಕಿಗೆ ಚಾಚಿಕೊಳ್ಳುತ್ತವೆ. ಒಂದು ಕೈ ಮತ್ತೊಂದರ ಕನ್ನಡಿಬಿಂಬವೇ ಹೊರತು ಎರಡೂ ಒಂದೇ ಅಲ್ಲ. ಅಣುಗಳಲ್ಲಿಯೂ ಇಂತಹ ಎಡ-ಬಲ ಭೇದವುಂಟೆಂಬುದನ್ನು ಫ್ರಾನ್ಸಿನ ಲೂಯಿ ಪಾಶ್ಚರನು 1848ರಲ್ಲಿ ತೋರಿಸಿಕೊಟ್ಟನು.

ನಾವು ಉಣ್ಣುವ ಬೇಳೆ, ಕಾಳು, ಹಾಲುಗಳಲ್ಲಿರುವ ಸಸಾರಜನಕವು ಜೀರ್ಣವಾಗಿ ಅಮೈನೋ ಆಮ್ಲಗಳಾಗುತ್ತದೆ. ದೇಹದ ಸಸಾರಜನಕಗಳನ್ನು ಕಟ್ಟುವ ಮುಖ್ಯ ಅಮೈನೋ ಆಮ್ಲಗಳು 20. ಗ್ಲೈಸೀನ್ ಒಂದನ್ನುಳಿದು ಮಿಕ್ಕವಕ್ಕೆಲ್ಲ ಕನ್ನಡಿಬಿಂಬದ ಜೋಡಿಯುಂಟು. ಶಾಸ್ತ್ರಜ್ಞರು ಇವನ್ನು 'ಎಲ್' ಮತ್ತು 'ಡಿ' ಎನ್ನುತ್ತಾರೆ. ಶಂಖದ ಮಾತಿನಲ್ಲಿ ನಾವು ಎಡಮುರಿ, ಬಲಮುರಿ ಎನ್ನೋಣ. ದೇಹವು ಸಸಾರಜನಕ ಕಟ್ಟಲು ಎಡಮುರಿಯನ್ನೇ ಆರಿಸಿಕೊಳ್ಳುತ್ತದೆ. ಒಂದೇ ಒಂದು ಬಲಮುರಿ ಸೇರಿದರೂ ಸರಪಳಿಯ ಆಕಾರ ಬದಲಾದೀತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಪಿ. ಬಲರಾಂ ಅವರ ತಂಡವು ಬಲಮುರಿ ಪ್ರೋಲೀನನ್ನು ಸೇರಿಸಿ, ಅಂತಹ ಸರಪಳಿಯನ್ನು ಕೂದಲಪಿನ್ನಿನಂತೆ ಬಾಗಿಸಿ ತೋರಿಸಿತು.

ಹಾಗಾದರೆ ನಮ್ಮ ದೇಹದಲ್ಲಿ ಬಲಮುರಿ ಅಣುಗಳಿಗೆ ಎಡೆಯೇ ಇಲ್ಲವೆ? ಉಂಟು. ಬ್ಯಾಕ್ಟೀರಿಯಾಗಳ ಕೋಶಭಿತ್ತಿಯಲ್ಲಿ ಅವಿವೆ. ಬಲಮುರಿ ಸೆರೀನ್ ಎಂಬುದು ಸಸ್ತನಿಗಳ ಮೆದುಳಿನಲ್ಲಿಯೇ ಇದೆಯೆಂದು ಜಪಾನಿನ ವಿಜ್ಞಾನಿಗಳು 1992ರಲ್ಲಿ ಪ್ರಕಟಿಸಿದರು; ನರಕೋಶಗಳ ನಡುವಣ ಸಂದೇಶಕ್ಕೆ ಅದು ನೆರವಾಗುತ್ತದೆ. ಇದಕ್ಕೂ ಬಹುಪೂರ್ವದಲ್ಲಿ, 1935ರಲ್ಲಿಯೇ, ಹಾನ್ಸ್ ಕ್ರೆಬ್ಸ್ ಎಂಬ ವಿಜ್ಞಾನಿಯು ಬಲಮುರಿ ಅಣುಗಳನ್ನು ಒಡೆಯುವ ಕಿಣ್ವವೊಂದನ್ನು ಮೂತ್ರಪಿಂಡದಲ್ಲಿ ಗುರುತಿಸಿದ್ದನು.

ಮೂತ್ರಪಿಂಡಕ್ಕೂ ಈ ಅಣುವಿಗೂ ಇರುವ ನಂಟನ್ನು ನಮ್ಮ ಹುಲ್ಲಹಳ್ಳಿಯ ಅಣೆಕಟ್ಟೆಯ ನಿದರ್ಶನದಿಂದ ತಿಳಿಯಬಹುದು. ಕಪಿಲೆಯ ನೀರಿನಲ್ಲಿ ಒಂದು ಪಾಲು ಅಲ್ಲಿ ನಾಲೆಗೆ ತಿರುಗಿ ಗದ್ದೆಗೆ ಸೇರುತ್ತದೆ; ಉಳಿದದ್ದು ನಂಜನಗೂಡಿನತ್ತ ಹರಿದುಹೋಗುತ್ತದೆ. ಮೂತ್ರಪಿಂಡವೂ ರಕ್ತವನ್ನು ಸೋಸಿದ ಬಳಿಕ ಎಡಮುರಿ ಸೆರೀನನ್ನು ಬಹುಮಟ್ಟಿಗೆ ಪೂರ್ಣವಾಗಿ ರಕ್ತಕ್ಕೆ ಹಿಂದಿರುಗಿಸುತ್ತದೆ. ಬಲಮುರಿಯ ಹೆಚ್ಚಿನ ಪಾಲನ್ನು ಮೂತ್ರದೊಡನೆ ಹೊರಬಿಡುತ್ತದೆ. ಸೋಸುವ ಶಕ್ತಿ ಕುಂದಿದಾಗ ಬಲಮುರಿ ಸೆರೀನ್ ರಕ್ತದಲ್ಲಿಯೇ ನಿಲ್ಲತೊಡಗುತ್ತದೆ. ಜಪಾನಿನಲ್ಲಿ 108 ಮಂದಿ ದೀರ್ಘಕಾಲದ ಮೂತ್ರಪಿಂಡ ರೋಗಿಗಳ ಅಧ್ಯಯನವೊಂದು 2016ರಲ್ಲಿ ಪ್ರಕಟವಾಯಿತು. ಬಲಮುರಿ ಸೆರೀನ್ ಹೆಚ್ಚಿದ್ದವರಲ್ಲಿ ರೋಗವು ಕೊನೆಯ ಹಂತ ಮುಟ್ಟುವ ಅಪಾಯವೂ ಹೆಚ್ಚಾಗಿತ್ತೆಂದು ಅದರಿಂದ ತಿಳಿದುಬಂದಿತು.

ಕ್ರಿಯಾಟಿನಿನ್ ಪರೀಕ್ಷೆ ಇರುವಾಗ ಇದೇಕೆಂದು ವಾಚಕರು ಕೇಳಬಹುದು. ಕ್ರಿಯಾಟಿನಿನ್ ಹುಟ್ಟುವುದು ಸ್ನಾಯುಗಳಿಂದ. ಆದುದರಿಂದ ಕೃಶರಾದ ವೃದ್ಧರಲ್ಲಿ ಅದರ ಅಂಕೆ ಸಹಜವೆಂದು ತೋರಿದರೂ ಒಳಗೆ ಮೂತ್ರಪಿಂಡ ಸೊರಗಿರಬಹುದು. ಸುಮಾರು ಅರ್ಧದಷ್ಟು ಶಕ್ತಿ ಕುಂದುವವರೆಗೂ ಅದು ಮಿತಿಯೊಳಗೇ ಕಾಣುವುದುಂಟು. ಈ ಕೊರತೆಯನ್ನು ಕನ್ನಡಿಬಿಂಬದ ಅಣು ತುಂಬಿಕೊಡಬಹುದೆಂಬುದೇ ವಿಜ್ಞಾನಿಗಳ ಆಶಯ. ಎಡ-ಬಲಗಳನ್ನು ಬೇರ್ಪಡಿಸಿ ಅಳೆಯುವುದು ಸೂಕ್ಷ್ಮವಾದ ಕೆಲಸವಾದ್ದರಿಂದ, ಇದಿನ್ನೂ ಎಲ್ಲೆಡೆ ನಡೆಯುವ ದಿನನಿತ್ಯದ ಪರೀಕ್ಷೆಯಾಗಿಲ್ಲ.

ಅಲ್ಲಿಯವರೆಗೆ ಕೈಯಲ್ಲಿರುವ ಸಾಧನವನ್ನು ನಾವು ಕಡೆಗಣಿಸಲಾಗದು. ಮೂತ್ರಪಿಂಡದ ರೋಗ ಮೊದಲು ನೋವು ಕೊಡುವುದಿಲ್ಲ. ಕಾಲು ಬಾತು ಎಚ್ಚರಿಸುವ ವೇಳೆಗೆ ಅನೇಕರಲ್ಲಿ ರೋಗ ಬಲಿತಿರುತ್ತದೆ. ಆಮೇಲೆ ವಾರಕ್ಕೆ ಎರಡು-ಮೂರು ಬಾರಿ ಡಯಾಲಿಸಿಸ್‌ಗೆ ಅಲೆಯುವ ಕಷ್ಟ ರೋಗಿಯೊಬ್ಬರದಲ್ಲ, ಇಡೀ ಮನೆಯದು. ಸಕ್ಕರೆ ಕಾಯಿಲೆ, ರಕ್ತದೊತ್ತಡವುಳ್ಳವರು ವರ್ಷಕ್ಕೊಮ್ಮೆಯಾದರೂ ರಕ್ತದ ಕ್ರಿಯಾಟಿನಿನ್ನನ್ನೂ ಮೂತ್ರದ ಅಲ್ಬುಮಿನ್ನನ್ನೂ ಪರೀಕ್ಷಿಸಿಕೊಳ್ಳಬೇಕು. ಮಂಡಿನೋವಿಗೆಂದು ಅಂಗಡಿಯಿಂದ ತಂದ ಮಾತ್ರೆಯನ್ನು ವೈದ್ಯರನ್ನು ಕೇಳದೆ ದಿನವೂ ನುಂಗಬಾರದು. ಮನೆಯ ಹಿರಿಯರು ತಮ್ಮ ಪರೀಕ್ಷೆಯನ್ನು ತಾವಾಗಿ ಬಯಸುವುದು ಅಪರೂಪ. ಅವರನ್ನು ಕರೆದೊಯ್ಯುವ ಹೊಣೆ ಮಕ್ಕಳು, ಸೊಸೆಯಂದಿರದು.