ಅಟ್ಟದಿಂದಿಳಿದ ಗ್ರಾಮಫೋನು: ಭೇದಗಳ ದಾಖಲೆಯೂ ಬೆಲೆಯ ನಿರ್ಣಯವೂ

ಕೊಪ್ಪ, ಶೃಂಗೇರಿ ಮತ್ತು ನರಸಿಂಹರಾಜಪುರ ತಾಲ್ಲೂಕುಗಳಲ್ಲಿ ಹಳೆಯ ಮನೆಗಳನ್ನು ಬಿಚ್ಚಿ ಹೊಸದಾಗಿ ಕಟ್ಟುವಾಗ ಅಟ್ಟದಿಂದ ಕೆಳಗಿಳಿಯುವ ಸಾಮಾನುಗಳಲ್ಲಿ ತಾಮ್ರದ ಹಂಡೆ, ಬೀಟೆಯ ಪೆಟ್ಟಿಗೆಗಳೊಡನೆ ಆಗೊಮ್ಮೆ ಈಗೊಮ್ಮೆ ಕೀಲಿ ಕೊಟ್ಟು ನುಡಿಸುವ ಗ್ರಾಮಫೋನು ಯಂತ್ರವೊಂದೂ ಇರುತ್ತದೆ. ತಾಮ್ರಕ್ಕೆ ತೂಕದ ದರವುಂಟು, ಬೀಟೆಗೆ ಅಡಿಯ ದರವುಂಟು. ಎರಡನ್ನೂ ನಮ್ಮ ವರ್ತಕರು ಬಲ್ಲರು. ಗ್ರಾಮಫೋನಿಗೆ ಅಂತಹ ದರಪಟ್ಟಿ ಇಲ್ಲವಾದುದರಿಂದ ಮಾರುವವರ ಅವಸರ ಮತ್ತು ಕೊಳ್ಳುವವರ ಚಾತುರ್ಯ ಇವೆರಡರ ನಡುವೆ ಎಲ್ಲಿಯೋ ಬೆಲೆ ನಿಂತುಬಿಡುತ್ತದೆ. ಆ ಬೆಲೆಯನ್ನು ಒಂದು ಲೆಕ್ಕಕ್ಕೆ ತರುವ ಕೆಲಸವನ್ನು ಸಂಗ್ರಾಹಕರು ಅನೇಕ ದಶಕಗಳಿಂದ ಮಾಡುತ್ತ ಬಂದಿದ್ದಾರೆ. ಒಂದೇ ಮಾದರಿಯ ಯಂತ್ರಗಳಲ್ಲಿರುವ ಸಣ್ಣ ಸಣ್ಣ ಭೇದಗಳನ್ನು ಬರೆದಿಡುವುದೇ ಆ ಕೆಲಸ.

ಮೊದಲಿಗೆ ಹೆಸರಿನ ಗೊಂದಲವನ್ನು ಬಿಡಿಸಿಕೊಳ್ಳೋಣ. 1877ರಲ್ಲಿ ಎಡಿಸನ್ ರೂಪಿಸಿದ ಫೋನೋಗ್ರಾಫ್ ಉರುಳೆಯ ಮೇಲೆ ಧ್ವನಿಯನ್ನು ಕೊರೆಯುವ ಯಂತ್ರ. ಚಪ್ಪಟೆ ತಟ್ಟೆಯನ್ನು ನುಡಿಸುವ ಗ್ರಾಮಫೋನು ಎಮಿಲ್ ಬರ್ಲೈನರ್ 1887ರಲ್ಲಿ ಕಂಡುಹಿಡಿದದ್ದು. ಭಾರತದಲ್ಲಿ ಬೇರೂರಿದ್ದು ಎರಡನೆಯದು. 1902ರ ನವೆಂಬರ್‌ನಲ್ಲಿ ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಅವರ ಗಾಯನವನ್ನು ಮುದ್ರಿಸಿಕೊಂಡನು. ಆ ಗಾಯಕಿ ಮೈಸೂರು ಅರಮನೆಯ ಆಶ್ರಯದಲ್ಲಿದ್ದು, 1930ರಲ್ಲಿ ಮೈಸೂರಿನಲ್ಲಿಯೇ ಕಾಲವಾದರು. 1908ರಲ್ಲಿ ಅದೇ ಕಂಪನಿ ಕಲ್ಕತ್ತೆಯ ಸಿಯಾಲ್ದಾದಲ್ಲಿ ತಟ್ಟೆ ಒತ್ತುವ ಕಾರ್ಖಾನೆ ತೆರೆಯಿತು. ಮುಂದೆ ಅದು ಡಮ್‌ಡಮ್‌ಗೆ ಸ್ಥಳಾಂತರಗೊಂಡಿತು. ತಟ್ಟೆಯ ಮುಖ್ಯ ಕಚ್ಚಾವಸ್ತುವಾದ ಅರಗು ನಮ್ಮ ದೇಶದ್ದೇ ಆಗಿತ್ತೆಂಬುದನ್ನು ವರ್ತಕ ಬಂಧುಗಳು ವಿಶೇಷವಾಗಿ ಗಮನಿಸಬಹುದು. ವಿದ್ಯುತ್ತಿನ ಹಂಗಿಲ್ಲದ, ಸ್ಪ್ರಿಂಗಿನ ಬಲದಿಂದಲೇ ತಿರುಗುವ ಈ ಯಂತ್ರ ತೋಟದ ಒಂಟಿ ಮನೆಗಳಿಗೆ ಹೇಳಿ ಮಾಡಿಸಿದಂತಿತ್ತು.

ಪೆಟ್ಟಿಗೆಯಂತೆ ಮುಚ್ಚಿ ಕೈಯಲ್ಲಿ ಹಿಡಿದೊಯ್ಯಬಹುದಾದ ಮಾದರಿಗಳಲ್ಲಿ ಎಚ್.ಎಂ.ವಿ.ಯ 101 ಮತ್ತು 102 ಪ್ರಸಿದ್ಧವಾದವು. 101 ಮಾರುಕಟ್ಟೆಗೆ ಬಂದದ್ದು 1925ರಲ್ಲಿ. 1931ರಲ್ಲಿ ಅದರ ಸ್ಥಾನಕ್ಕೆ 102 ಬಂದು, 1950ರ ದಶಕದ ಕೊನೆಯವರೆಗೂ ತಯಾರಾಯಿತು. ಕ್ಯಾಟಲಾಗಿನಲ್ಲಿ ಎರಡೇ ಸಂಖ್ಯೆಗಳು. ಆದರೆ ಹತ್ತು ಯಂತ್ರಗಳನ್ನು ಸಾಲಾಗಿಟ್ಟರೆ ಅವು ಒಂದರಂತೆ ಒಂದಿರುವುದಿಲ್ಲ. ಮೊದಮೊದಲ 101ರಲ್ಲಿ ಕೀಲಿಯ ಹಿಡಿ ಪೆಟ್ಟಿಗೆಯ ಮುಂಭಾಗದಲ್ಲಿತ್ತು, ಅನಂತರ ಪಕ್ಕಕ್ಕೆ ಸರಿಯಿತು. ಧ್ವನಿ ಹೊರಡಿಸುವ ಸೌಂಡ್‌ಬಾಕ್ಸ್ 101ರಲ್ಲಿ 4ನೇ ಸಂಖ್ಯೆಯದು, ಅಭ್ರಕದ ಪೊರೆಯುಳ್ಳದ್ದು. 102ರ ಆರಂಭದಲ್ಲಿ 16ನೇ ಸಂಖ್ಯೆಯದನ್ನು ಸ್ವಲ್ಪ ಕಾಲ ಬಳಸಿ, ಆಮೇಲೆ 5ಎ, ತರುವಾಯ 5ಬಿ ಅಳವಡಿಸಿದರು. 102ರ ಸಂಖ್ಯೆಯ ಮುಂದೆ ಎ, ಬಿ, ಸಿ ಎಂದು ಅಕ್ಷರಗಳು ಕಾಲಕಾಲಕ್ಕೆ ಸೇರಿದವು. ಹೊರಮೈ ಕಪ್ಪು ಮಾತ್ರವಲ್ಲದೆ ಕೆಂಪು, ನೀಲಿ, ಹಸಿರು ಬಣ್ಣಗಳಲ್ಲೂ ಇತ್ತು. ಕಪ್ಪಿನದು ಹೇರಳ, ಬಣ್ಣದ್ದು ವಿರಳ.

ಕಾರ್ಖಾನೆಯವರು ಇಂತಹ ಬದಲಾವಣೆಗಳನ್ನು ಗ್ರಾಹಕರಿಗೆ ಸಾರಿ ಹೇಳಿದವರಲ್ಲ. ದಾಸ್ತಾನಿನಲ್ಲಿದ್ದ ಹಳೆಯ ಬಿಡಿಭಾಗ ಮುಗಿಯುವವರೆಗೆ ಅದನ್ನೇ ಜೋಡಿಸಿ, ಮುಗಿದೊಡನೆ ಹೊಸದನ್ನು ಹಾಕುವುದು ಯಾವ ಉದ್ದಿಮೆಯಲ್ಲಾದರೂ ನಡೆಯುವ ಸಂಗತಿ. ಹಾಗಾಗಿ ಸಂಗ್ರಾಹಕರು ತಮ್ಮ ಕೈಗೆ ಬಂದ ಪ್ರತಿಯೊಂದು ಯಂತ್ರದ ಕ್ರಮಸಂಖ್ಯೆ, ಸೌಂಡ್‌ಬಾಕ್ಸ್, ಬ್ರೇಕು, ಬೀಗ, ಸೂಜಿ ಇಡುವ ಬಟ್ಟಲು, ಲೇಪದ ಬಗೆ, ವರ್ತಕರ ಚೀಟಿ ಇವನ್ನೆಲ್ಲ ಬರೆದುಕೊಂಡು, ಸಂಖ್ಯಾಕ್ರಮದಲ್ಲಿ ಜೋಡಿಸಿ ನೋಡುತ್ತಾರೆ. ಇಂತಹ ಸಂಖ್ಯೆಯವರೆಗೆ ಒಂದು ಬಗೆ, ಅಲ್ಲಿಂದ ಮುಂದೆ ಇನ್ನೊಂದು ಬಗೆ ಎಂಬ ಗೆರೆ ಆಗ ತಾನಾಗಿ ಕಾಣುತ್ತದೆ. ದಿನವಹಿ ಬರೆದವರಿಗೆ ಈ ವಿಧಾನ ಹೊಸದೇನಲ್ಲ. ಲಂಡನ್ನಿನಲ್ಲಿ 1919ರಲ್ಲಿ ಸ್ಥಾಪನೆಯಾದ ಫೋನೋಗ್ರಾಫ್ ಮತ್ತು ಗ್ರಾಮಫೋನ್ ಸಂಘ ಈ ಪರಂಪರೆಯ ಹಿರಿಯ ಸಂಸ್ಥೆ. ನಮ್ಮಲ್ಲಿ ಮುಂಬಯಿಯ ಭಾರತೀಯ ರೆಕಾರ್ಡ್ ಸಂಗ್ರಾಹಕರ ಸಂಘ 1990ರಲ್ಲಿ ಹುಟ್ಟಿತು. ಅದರ ಲಕ್ಷ್ಯ ಯಂತ್ರಗಳಿಗಿಂತ ತಟ್ಟೆಗಳ ಕಡೆಗೆ ಹೆಚ್ಚು.

ನಕಲಿಯ ಹಾವಳಿ

ಇಷ್ಟೆಲ್ಲ ಸೂಕ್ಷ್ಮ ಏತಕ್ಕೆಂದು ಕೇಳುವವರಿಗೆ ಉತ್ತರ ದೊಡ್ಡ ಊರುಗಳ ಹಳೆಯ ಸಾಮಾನಿನ ಪೇಟೆಗಳಲ್ಲಿದೆ. ಹಿತ್ತಾಳೆಯ ದೊಡ್ಡ ತುತ್ತೂರಿ, ಎಂಟು ಮೂಲೆಯ ಹೊಸ ಪೆಟ್ಟಿಗೆ, ಅದರ ಮೇಲೊಂದು ನಾಯಿಯ ಚಿತ್ರ: ಹೀಗೆ ಸಿದ್ಧವಾದ ಯಂತ್ರಗಳು ನಮ್ಮ ದೇಶದಿಂದಲೇ ಹೊರದೇಶಗಳಿಗೆ ಹೋಗಿ, ಅಲ್ಲಿನ ಸಂಗ್ರಾಹಕರ ಬಾಯಲ್ಲಿ ‘ಕ್ರಾಪೋಫೋನ್’ ಎಂಬ ಅಪಹಾಸ್ಯದ ಹೆಸರನ್ನು ಪಡೆದಿವೆ. ಇವುಗಳ ಒಳಗೆ ಎಷ್ಟೋ ವೇಳೆ ಕೈಪೆಟ್ಟಿಗೆಯ ಯಂತ್ರದಿಂದ ಕಿತ್ತ ಮೋಟಾರು ಇರುತ್ತದೆ. ಎಂದರೆ ತುತ್ತೂರಿಯ ಒಂದು ನಕಲಿಗಾಗಿ ಒಂದು ನಿಜವಾದ 102 ಬಲಿಯಾಗಿರುತ್ತದೆ. ಅಲಂಕಾರದ ವಸ್ತುವೆಂದು ಹೇಳಿ ಮಾರಿದರೆ ಅದು ನ್ಯಾಯವಾದ ವ್ಯಾಪಾರವೇ ಸರಿ; ಪುರಾತನವೆಂದು ಹೇಳಿ ಮಾರಿದರೆ ಮೋಸ. ಇಂತಹ ಮೋಸದಿಂದ ಪ್ರಾಮಾಣಿಕ ವರ್ತಕರ ಅಸಲಿ ಸರಕಿಗೂ ಹೊರಗಿನ ಗ್ರಾಹಕರು ಅರ್ಧ ಬೆಲೆ ಕೇಳುವ ಸ್ಥಿತಿ ಉಂಟಾಗುತ್ತದೆ.

ಪರೀಕ್ಷೆಗೆ ಭೇದಗಳ ಅರಿವೇ ಒರೆಗಲ್ಲು. ‘ಗ್ರಾಮಫೋನ್ ಅಂಡ್ ಟೈಪ್‌ರೈಟರ್’ ಎಂಬ ಹೆಸರನ್ನು ಕಂಪನಿ ಧರಿಸಿದ್ದುದು 1900ರಿಂದ 1907ರವರೆಗೆ ಮಾತ್ರ. ಆ ಹೆಸರಿನ ಪಟ್ಟಿಯುಳ್ಳ ಪೆಟ್ಟಿಗೆಯಲ್ಲಿ 5ಬಿ ಸೌಂಡ್‌ಬಾಕ್ಸ್ ಕಂಡುಬಂದರೆ ಮುಂದೆ ಮಾತನಾಡಬೇಕಾದ ಅಗತ್ಯವೇ ಇಲ್ಲ.

ಆದರೂ ಸಂಗ್ರಾಹಕರ ಮಡಿವಂತಿಕೆಯನ್ನು ಪೂರ್ತಿ ಒಪ್ಪುವುದು ಈ ಲೇಖಕನಿಗೆ ಸಾಧ್ಯವಾಗಿಲ್ಲ. ಮೂಲ ಸ್ಥಿತಿ, ಮೂಲ ಸ್ಥಿತಿ ಎಂದು ಅವರು ಜಪಿಸುತ್ತಾರೆ. ಮುಚ್ಚಳ ಗೆದ್ದಲಿಗೆ ತುತ್ತಾದಾಗ ಊರಿನ ಆಚಾರಿಯೊಬ್ಬರು ಹಲಸಿನ ಹಲಗೆಯಲ್ಲಿ ಮಾಡಿಕೊಟ್ಟ ಮುಚ್ಚಳವೂ ಆ ಯಂತ್ರದ ಚರಿತ್ರೆಯೇ ಅಲ್ಲವೆ? ಅದನ್ನು ಕಿತ್ತೆಸೆಯುವ ಬದಲು, ಇದು ಇಲ್ಲಿನ ದುರಸ್ತಿ ಎಂದು ದಾಖಲಿಸಿದರೆ ಕೊಳ್ಳುವವರಿಗೂ ವಂಚನೆಯಿಲ್ಲ, ಆಚಾರಿಯ ಕೈಗೂ ಮರ್ಯಾದೆ. ಭದ್ರಾ ಜಲಾಶಯಕ್ಕಾಗಿ ನರಸಿಂಹರಾಜಪುರ ಸೀಮೆಯ ಊರುಗಳು ಮುಳುಗಡೆಯಾದಾಗ ಮನೆಸಾಮಾನುಗಳೆಲ್ಲ ಸ್ಥಳ ಬದಲಿಸಿದವು. ಅಂತಹ ಮನೆಯ ಯಂತ್ರವೊಂದು ಸಿಕ್ಕರೆ, ಅದು ಯಾವ ಊರಿನಿಂದ ಬಂತೆಂಬ ಒಂದು ಸಾಲಿನ ಬರಹ ಸೌಂಡ್‌ಬಾಕ್ಸಿನ ಸಂಖ್ಯೆಯಷ್ಟೇ ಬೆಲೆಯುಳ್ಳದ್ದು.

ನೂರು ವರ್ಷದ ಗೆರೆ

ವರ್ತಕರು ತಪ್ಪದೆ ತಿಳಿದಿರಬೇಕಾದ ಇನ್ನೊಂದು ವಿಷಯ ಕಾನೂನಿನದು. 1972ರ ಪ್ರಾಚ್ಯವಸ್ತು ಮತ್ತು ಕಲಾನಿಧಿ ಅಧಿನಿಯಮ 1976ರ ಏಪ್ರಿಲ್ 5ರಿಂದ ಜಾರಿಯಲ್ಲಿದೆ. ಗತಕಾಲದ ವಿಜ್ಞಾನ, ಕಲೆ, ಕಸುಬುಗಳನ್ನು ನಿದರ್ಶಿಸುವ ಅಥವಾ ಐತಿಹಾಸಿಕ ಆಸಕ್ತಿಯುಳ್ಳ ವಸ್ತು ನೂರು ವರ್ಷಕ್ಕೆ ಕಡಿಮೆಯಿಲ್ಲದ ಕಾಲದಿಂದ ಇದ್ದರೆ ಅದು ಪ್ರಾಚ್ಯವಸ್ತುವಾಗಬಹುದು. ಪ್ರಾಚ್ಯವಸ್ತುಗಳ ಮಾರಾಟವನ್ನು ವ್ಯಾಪಾರವಾಗಿ ನಡೆಸಲು ಪರವಾನಗಿ ಬೇಕು. ಖಾಸಗಿಯವರು ಅವನ್ನು ವಿದೇಶಕ್ಕೆ ರಫ್ತು ಮಾಡುವಂತಿಲ್ಲ. ಮಾಡಿದರೆ ಆರು ತಿಂಗಳಿಂದ ಮೂರು ವರ್ಷಗಳವರೆಗೆ ಸೆರೆವಾಸ ಮತ್ತು ದಂಡ. ಒಂದು ವಸ್ತು ಪ್ರಾಚ್ಯವಸ್ತು ಹೌದೇ ಅಲ್ಲವೇ ಎಂಬ ಪ್ರಶ್ನೆ ಎದ್ದಾಗ ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ಮಹಾನಿರ್ದೇಶಕರು ಅಥವಾ ಅವರಿಂದ ಅಧಿಕೃತರಾದ ಅಧಿಕಾರಿಯ ತೀರ್ಮಾನವೇ ಅಂತಿಮ.

ಈಗ ಹಿಂದೆ ಹೇಳಿದ ಹಿಡಿಯ ವಿಚಾರಕ್ಕೆ ಬರೋಣ. 1925ರ 101ಕ್ಕೆ 2025ರಲ್ಲಿ ನೂರು ತುಂಬಿತು. 1931ರ ಯಂತ್ರಕ್ಕೆ 2031ರವರೆಗೆ ಕಾಲವಿದೆ. ಎರಡರ ಮೇಲೂ ಇರುವುದು 101 ಎಂಬ ಒಂದೇ ಸಂಖ್ಯೆ. ತಯಾರಿಕೆಯ ವರ್ಷ ಮೇಲೆ ಬರೆದಿರುವುದಿಲ್ಲ. ಹಿಡಿ ಮುಂದಿದೆಯೇ ಪಕ್ಕದಲ್ಲಿದೆಯೇ ಎಂಬ ಕ್ಷುಲ್ಲಕವೆನಿಸುವ ಭೇದ, ಪರವಾನಗಿಯಿಲ್ಲದ ಅಂಗಡಿಯಲ್ಲಿ ಅದನ್ನು ಇಡಬಹುದೇ ಎಂಬ ಪ್ರಶ್ನೆಗೆ ಮೊದಲ ಸುಳಿವಾಗುತ್ತದೆ. ಹೊರದೇಶದ ಗಿರಾಕಿಯಿಂದ ಮುಂಗಡ ಪಡೆಯುವ ಮೊದಲೇ ಇಲಾಖೆಯಿಂದ ಪ್ರಾಚ್ಯವಸ್ತುವಲ್ಲವೆಂಬ ಪ್ರಮಾಣಪತ್ರ ಪಡೆಯುವುದು ಕ್ಷೇಮ.

ಸಣ್ಣ ಉದ್ದಿಮೆದಾರರಿಗೂ ಇಲ್ಲಿ ಅಷ್ಟಿಷ್ಟು ಕೆಲಸವಿದೆ. ಮೋಟಾರಿನ ಸ್ಪ್ರಿಂಗು, ರಬ್ಬರಿನ ಬಳೆಗಳು, ಒಂದು ಮಗ್ಗುಲು ನುಡಿಸಿದ ಮೇಲೆ ಬದಲಿಸಬೇಕಾದ ಉಕ್ಕಿನ ಸೂಜಿ ಇವಕ್ಕೆ ಬೇಡಿಕೆ ದೊಡ್ಡದಲ್ಲ, ಆದರೆ ನಿಂತಿಲ್ಲ. ಹೊಸದಾಗಿ ಮಾಡಿದ ಭಾಗದ ಮೇಲೆ ತಯಾರಕರು ತಮ್ಮದೇ ಗುರುತನ್ನು ಒತ್ತುವುದು ಉಚಿತ. ಹಳೆಯ ಕಂಪನಿಯ ಮುದ್ರೆಯನ್ನಲ್ಲ.

ಮಲೆನಾಡಿನ ಮಳೆಗಾಲ ಈ ಯಂತ್ರಗಳಿಗೆ ಮಿತ್ರನಲ್ಲ. ಆ ಕಾಲದ ಹಲವು ಸೌಂಡ್‌ಬಾಕ್ಸುಗಳು ಸತುವಿನ ಮಿಶ್ರಲೋಹದವು. ಕಾಲಕ್ರಮದಲ್ಲಿ ಊದಿಕೊಂಡು ಸೀಳುತ್ತವೆ, ತೇವ ಅದನ್ನು ಚುರುಕುಗೊಳಿಸುತ್ತದೆ. ಬಲವಂತವಾಗಿ ತಿರುಚಿ ತೆಗೆಯಹೋದರೆ ಕೈಗೆ ಚೂರುಗಳೇ ಬರುತ್ತವೆ. ಸ್ಪ್ರಿಂಗಿನ ಗ್ರೀಸು ಗಟ್ಟಿಯಾಗಿರುವುದರಿಂದ ಅಟ್ಟದಿಂದಿಳಿಸಿದ ಕೂಡಲೆ ಪೂರ್ತಿ ಕೀಲಿ ಕೊಡಬಾರದು. ಒದ್ದೆ ಬಟ್ಟೆಯಿಂದ ಒರೆಸಿದರೆ ನಾಯಿಯ ಚಿತ್ರದೊಡನೆ ವರ್ತಕರ ಚೀಟಿಯೂ ಅಳಿಸಿಹೋಗುತ್ತದೆ. ಆದ್ದರಿಂದ ಒಣಬಟ್ಟೆಯಿಂದ ಧೂಳು ತೆಗೆದು, ಕ್ರಮಸಂಖ್ಯೆಯ ಪಟ್ಟಿ, ಸೌಂಡ್‌ಬಾಕ್ಸಿನ ಮುಖ, ಹಿಡಿಯ ಸ್ಥಾನ ಮತ್ತು ಮುಚ್ಚಳದ ಒಳಮೈಯ ಛಾಯಾಚಿತ್ರಗಳನ್ನು ಮೊದಲು ತೆಗೆದುಕೊಳ್ಳಬೇಕು. ಎಣ್ಣೆ ಹಾಕುವುದು, ಪಾಲಿಶ್ ಮಾಡುವುದು ಎಲ್ಲ ಆಮೇಲೆ.