ದಿನಕ್ಕೆರಡು ಗಂಟೆ ಊರ ಕೆಲಸ: ಪಠಾಣರ ಕೆಂಪಂಗಿ ದಂಡಿನ ಕಥೆ

ಆ ಸೈನ್ಯ ಸೇರುವವರು ಮೊದಲು ಪ್ರಮಾಣ ಮಾಡಬೇಕಿತ್ತು. ಹಿಂಸೆಗೆ ಕೈ ಎತ್ತುವುದಿಲ್ಲ. ಯಾರ ಮೇಲೂ ಸೇಡು ತೀರಿಸಿಕೊಳ್ಳುವುದಿಲ್ಲ. ಪೀಡಿಸಿದವರನ್ನೂ ಕ್ಷಮಿಸುತ್ತೇನೆ. ಹಗೆ, ಕಲಹಗಳಿಂದ ದೂರ ಇರುತ್ತೇನೆ. ಕೆಟ್ಟ ಚಟ, ಕೆಟ್ಟ ಸಂಪ್ರದಾಯಗಳನ್ನು ಬಿಟ್ಟು ಸರಳವಾಗಿ ಬದುಕುತ್ತೇನೆ. ಮಾಡಿದ ಸೇವೆಗೆ ಪ್ರತಿಫಲ ಬಯಸುವುದಿಲ್ಲ. ಇಷ್ಟರ ಜೊತೆಗೆ ಇನ್ನೊಂದು ಕರಾರು: ದಿನಕ್ಕೆ ಕನಿಷ್ಠ ಎರಡು ಗಂಟೆ ಸಮಾಜದ ಕೆಲಸ.

1929ರಲ್ಲಿ ಅವಿಭಜಿತ ಭಾರತದ ವಾಯವ್ಯ ಗಡಿ ಪ್ರಾಂತ್ಯದಲ್ಲಿ ಹುಟ್ಟಿದ ಖುದಾಯಿ ಖಿದ್ಮತ್‌ಗಾರ್ ದಂಡಿನ ನಿಯಮಗಳಿವು. ದೇವರ ಸೇವಕರು ಎಂದು ತಮ್ಮನ್ನು ಕರೆದುಕೊಂಡ ಈ ಪಠಾಣರನ್ನು ಸಂಘಟಿಸಿದವರು ಖಾನ್ ಅಬ್ದುಲ್ ಗಫಾರ್ ಖಾನ್. ಅವರ ಜನಕ್ಕೆ ಅವರು ಬಾದಶಾಹ್ ಖಾನ್, ನಮಗೆ ಗಡಿನಾಡ ಗಾಂಧಿ.

ಕೋವಿ ಹಿಡಿದ ಪಠಾಣರು ಗಾಂಧೀಜಿಯ ಮಾತಿಗೆ ಮರುಳಾಗಿ ರಾತ್ರಿ ಬೆಳಗಾಗುವುದರೊಳಗೆ ಅಹಿಂಸಾವಾದಿಗಳಾದರು ಎಂಬಂತೆ ನಾವು ಈ ಕಥೆಯನ್ನು ಕೇಳುತ್ತ ಬಂದಿದ್ದೇವೆ. ಆದರೆ 1930ರಲ್ಲಿ ಪೇಶಾವರದ ಬೀದಿಯಲ್ಲಿ ಗುಂಡಿಗೆ ಎದೆಯೊಡ್ಡಿದ ಧೈರ್ಯದ ಹಿಂದೆ ಇಪ್ಪತ್ತು ವರ್ಷಗಳ ಸಮಾಜ ಸುಧಾರಣೆಯ ದುಡಿಮೆ ಇತ್ತು. ಶಾಲೆ, ಸಂಘ, ಪತ್ರಿಕೆ, ಊರೂರು ಸುತ್ತಾಟ, ಆಮೇಲೆ ಸತ್ಯಾಗ್ರಹ. ಈ ಕ್ರಮವನ್ನು ಗಮನಿಸದೆ ಅಹಿಂಸೆ ಅಲ್ಲಿ ಹೇಗೆ ಬೇರು ಬಿಟ್ಟಿತೆಂಬುದು ಅರ್ಥವಾಗುವುದಿಲ್ಲ.

ಸೇಡಿನ ನಾಡು, ಕರಾಳ ಕಾನೂನು

ಪಠಾಣರ ಬದುಕನ್ನು ಬರಹಕ್ಕಿಳಿಯದ ಕಟ್ಟಳೆಗಳು ಆಳುತ್ತಿದ್ದವು. ಮನೆಗೆ ಬಂದ ಅತಿಥಿಯನ್ನು ಸತ್ಕರಿಸಬೇಕು, ಮೊರೆಹೊಕ್ಕವನನ್ನು ಕಾಪಾಡಬೇಕು. ಹಾಗೆಯೇ, ಅವಮಾನವಾದರೆ ಸೇಡು ತೀರಿಸಲೇಬೇಕು. ಅಜ್ಜನ ಕಾಲದ ಕೊಲೆಗೆ ಮೊಮ್ಮಗ ಲೆಕ್ಕ ಚುಕ್ತಾ ಮಾಡುವ ಈ ಹಗೆ ಎಷ್ಟೋ ಮನೆತನಗಳನ್ನು ನುಂಗಿತ್ತು.

ಬ್ರಿಟಿಷರಿಗೆ ಇದು ಅನುಕೂಲವೇ ಆಗಿತ್ತು. ತಮ್ಮತಮ್ಮಲ್ಲೇ ಹೊಡೆದಾಡುವ ಜನ ಆಳುವವರ ವಿರುದ್ಧ ಒಟ್ಟಾಗಿ ನಿಲ್ಲಲಾರರು. ಕೈಯಲ್ಲಿ ಕೋವಿ ಇರುವವರೆಂಬ ನೆಪ ಸಿಕ್ಕರೆ ಅವರ ಮೇಲೆ ಎಂಥ ಬಲ ಪ್ರಯೋಗಿಸಿದರೂ ಕೇಳುವವರಿಲ್ಲ. 1901ರಲ್ಲಿ ಪಂಜಾಬಿನಿಂದ ಬೇರ್ಪಡಿಸಿ ಹೊಸ ಪ್ರಾಂತ್ಯ ರಚಿಸಿದ ಸರ್ಕಾರ ಅದೇ ವರ್ಷ ಗಡಿ ಅಪರಾಧಗಳ ಕಾಯ್ದೆಯನ್ನೂ ತಂದಿತು. ಅಧಿಕಾರಿಯೇ ಆರಿಸಿದ ಹಿರಿಯರ ಜಿರ್ಗಾ, ಅಂದರೆ ಪಂಚಾಯಿತಿ, ಕೊಟ್ಟ ಅಭಿಪ್ರಾಯದ ಮೇಲೆ ವರ್ಷಗಟ್ಟಲೆ ಸೆರೆಗೆ ಕಳಿಸಬಹುದಿತ್ತು. ವಕೀಲರಿಗೆ ಅಲ್ಲಿ ಜಾಗವಿಲ್ಲ, ಮೇಲ್ಮನವಿಗೆ ಹಾದಿಯಿಲ್ಲ. ಒಬ್ಬ ಮಾಡಿದ ತಪ್ಪಿಗೆ ಇಡೀ ಊರು ದಂಡ ತೆರಬೇಕಾಗುತ್ತಿತ್ತು. 1919ರ ರಾಜಕೀಯ ಸುಧಾರಣೆಯ ಕಾಯ್ದೆಯಿಂದ ಉಳಿದ ಪ್ರಾಂತ್ಯಗಳಿಗೆ ಸಿಕ್ಕ ಅಲ್ಪಸ್ವಲ್ಪ ರಾಜಕೀಯ ಹಕ್ಕುಗಳೂ ಈ ಗಡಿನಾಡಿಗೆ ಸಿಗಲಿಲ್ಲ.

ಶಾಲೆಯಿಂದ ಶುರು

ಗಫಾರ್ ಖಾನ್ ಹುಟ್ಟಿದ್ದು 1890ರಲ್ಲಿ, ಪೇಶಾವರ ಕಣಿವೆಯ ಉತ್ಮಾನ್‌ಜೈ ಗ್ರಾಮದಲ್ಲಿ. ತಂದೆ ಬೆಹ್ರಾಮ್ ಖಾನ್ ದೊಡ್ಡ ಜಮೀನುದಾರರು. ಮುಲ್ಲಾಗಳ ವಿರೋಧವನ್ನು ಲೆಕ್ಕಿಸದೆ ಮಕ್ಕಳನ್ನು ಪೇಶಾವರದ ಮಿಷನ್ ಶಾಲೆಗೆ ಕಳಿಸಿದರು. ಹಿರಿಯ ಮಗ ವೈದ್ಯಕೀಯ ಓದಿ ಡಾ. ಖಾನ್ ಸಾಹೇಬ್ ಎಂದು ಹೆಸರಾದರು. ಕಿರಿಯ ಮಗನಿಗೆ ಬ್ರಿಟಿಷರ ಪ್ರತಿಷ್ಠಿತ ಗೈಡ್ಸ್ ಪಡೆಯಲ್ಲಿ ಅಧಿಕಾರಿಯ ಹುದ್ದೆ ಕಾದಿತ್ತು. ಆದರೆ ಆ ಪಡೆಯ ಒಬ್ಬ ಪಠಾಣ ಅಧಿಕಾರಿಯನ್ನು ಇಂಗ್ಲಿಷ್ ಅಧಿಕಾರಿಯೊಬ್ಬ ಹೀನಾಯವಾಗಿ ಜರೆದದ್ದನ್ನು ಕಣ್ಣಾರೆ ಕಂಡ ತರುಣ ಆ ಹುದ್ದೆಯ ಆಸೆಯನ್ನೇ ತೊರೆದರು.

1910ರಲ್ಲಿ, ಇಪ್ಪತ್ತರ ವಯಸ್ಸಿನಲ್ಲಿ, ತುರಂಗ್‌ಜೈಯ ಹಾಜಿ ಸಾಹೇಬರೆಂಬ ಧಾರ್ಮಿಕ ಮುಖಂಡರ ಜೊತೆ ಸೇರಿ ಊರಲ್ಲೇ ಶಾಲೆ ತೆರೆದರು. ಗಾಂಧೀಜಿ ಆಗಿನ್ನೂ ದಕ್ಷಿಣ ಆಫ್ರಿಕಾದಲ್ಲಿದ್ದರು. ಹಾಜಿಯವರು ಬ್ರಿಟಿಷರ ವಿರುದ್ಧ ಆಯುಧ ಹಿಡಿದು ಬುಡಕಟ್ಟು ಪ್ರದೇಶಕ್ಕೆ ಹೋದ ಮೇಲೆ ಆ ಶಾಲೆಗೆ ಬೀಗ ಬಿತ್ತು. 1919ರಲ್ಲಿ, ವಿಚಾರಣೆಯಿಲ್ಲದೆ ಸೆರೆಗೆ ತಳ್ಳಲು ಅವಕಾಶ ಕೊಟ್ಟ ರೌಲಟ್ ಕಾಯ್ದೆಯ ವಿರುದ್ಧ ಉತ್ಮಾನ್‌ಜೈಯಲ್ಲಿ ಸಭೆ ನಡೆಸಿದ್ದಕ್ಕೆ ಗಫಾರ್ ಖಾನ್ ಮೊದಲ ಬಾರಿಗೆ ಸೆರೆಮನೆ ಕಂಡರು. ಹೊರಬಂದವರು 1921ರಲ್ಲಿ ಆಜಾದ್ ಶಾಲೆಯನ್ನು ಆರಂಭಿಸಿದರು. ಸಮಾಜ ಸುಧಾರಣೆಗೆಂದೇ ಒಂದು ಸಂಘವನ್ನೂ ಸ್ಥಾಪಿಸಿದರು. ಮದುವೆ, ತಿಥಿಗಳ ದುಂದುವೆಚ್ಚ ನಿಲ್ಲಬೇಕು, ಮಕ್ಕಳು ಓದಬೇಕು, ಪಶ್ತೋ ಭಾಷೆ ಬೆಳೆಯಬೇಕು, ಹಗೆ ಕೊನೆಯಾಗಬೇಕು ಎಂಬವು ಆ ಸಂಘದ ಗುರಿಗಳು.

ಈ ಶಾಲೆ ಸರ್ಕಾರಕ್ಕೆ ಚುಚ್ಚತೊಡಗಿತು. ಪ್ರಾಂತ್ಯದ ಮುಖ್ಯ ಕಮಿಷನರ್ ಬೆಹ್ರಾಮ್ ಖಾನರನ್ನು ಕರೆಸಿ, ಬೇರೆಯವರೆಲ್ಲ ಸುಮ್ಮನಿರುವಾಗ ನಿಮ್ಮ ಮಗನಿಗೇಕೆ ಈ ಉಸಾಬರಿ ಎಂದು ಕೇಳಿದರು. ತಂದೆ ಬಂದು ಮಗನಿಗೆ ಬುದ್ಧಿ ಹೇಳಿದರು. ಊರಿನವರೆಲ್ಲ ನಮಾಜು ಬಿಟ್ಟರೆ ನನಗೂ ಬಿಡು ಎನ್ನುತ್ತೀರಾ ಎಂದು ಮಗ ಕೇಳಿದರು. ಎಂದಿಗೂ ಇಲ್ಲ ಎಂದರು ತಂದೆ. ಜನಕ್ಕೆ ವಿದ್ಯೆ ಕಲಿಸುವುದೂ ನನಗೆ ಅಷ್ಟೇ ಪವಿತ್ರ ಕರ್ತವ್ಯ ಎಂದರು ಮಗ. ಬೆಹ್ರಾಮ್ ಖಾನ್ ಮತ್ತೆ ಆ ಮಾತೆತ್ತಲಿಲ್ಲ. ಗಫಾರ್ ಖಾನ್ ಈ ಪ್ರಸಂಗವನ್ನು ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ. ಅವರಿಗೆ ಧರ್ಮ, ಶಿಕ್ಷಣ, ಸ್ವಾತಂತ್ರ್ಯ ಬೇರೆ ಬೇರೆಯಾಗಿರಲಿಲ್ಲ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ಬೇಕಿಲ್ಲ.

ಆಜಾದ್ ಶಾಲೆ ತೆರೆದ ವರ್ಷವೇ ಅವರಿಗೆ ಮೂರು ವರ್ಷಗಳ ಶಿಕ್ಷೆಯಾಯಿತು. ಕಾಲಿಗೆ ಬೇಡಿ, ಒಂಟಿ ಕೋಣೆ, ಬೀಸುವ ಕಲ್ಲು. ಬಿಡುಗಡೆಯಾಗಿ ಬಂದವರು ಮತ್ತೆ ಊರೂರು ನಡೆದರು. 1928ರಲ್ಲಿ ‘ಪಖ್ತೂನ್’ ಎಂಬ ಪತ್ರಿಕೆ ಹೊರತಂದರು. ಪಶ್ತೋ ಭಾಷೆಯ ಆ ಪತ್ರಿಕೆಯಲ್ಲಿ ಹೆಂಗಸರೂ ಬರೆದರು. ಪರದೆಯ ಹಿಂದಿದ್ದ ಹೆಣ್ಣುಮಕ್ಕಳು ತಮ್ಮದೇ ಸಮಾಜದ ಗಂಡಸರನ್ನು ಅಕ್ಷರಗಳಲ್ಲಿ ಪ್ರಶ್ನಿಸುವುದು ಆ ನೆಲದಲ್ಲಿ ಸಣ್ಣ ಸಂಗತಿಯಲ್ಲ.

ಇಟ್ಟಿಗೆ ಬಣ್ಣದ ಅಂಗಿ

ಇಷ್ಟೆಲ್ಲ ಆದ ಮೇಲೆ, 1929ರ ಕೊನೆಗೆ, ಖುದಾಯಿ ಖಿದ್ಮತ್‌ಗಾರ್ ದಂಡು ರೂಪುಗೊಂಡಿತು. ಅದಕ್ಕೆ ಸೈನ್ಯದ ಅಚ್ಚುಕಟ್ಟೆಲ್ಲ ಇತ್ತು. ಪಡೆಗಳು, ಅವುಗಳಿಗೆ ನಾಯಕರು, ಕವಾಯತು, ಡೋಲು. ಬಿಳಿ ಬಟ್ಟೆ ಬೇಗ ಕೊಳೆಯಾಗುತ್ತದೆಂದು ಚರ್ಮ ಹದ ಮಾಡುವಲ್ಲಿ ಸಿಗುತ್ತಿದ್ದ ಅಗ್ಗದ ಬಣ್ಣದಲ್ಲಿ ಅದ್ದಿ ತೆಗೆದರು. ಅದರಿಂದ ಬಂದದ್ದು ಇಟ್ಟಿಗೆಯಂಥ ಕೆಂಪು. ಸರ್ಕಾರ ಇವರನ್ನು ಕೆಂಪಂಗಿಯವರೆಂದು ಕರೆದು ರಷ್ಯಾದ ಬೋಲ್ಶೆವಿಕರ ಜೊತೆ ತಳುಕು ಹಾಕಲು ನೋಡಿತು. ಆ ಬಣ್ಣಕ್ಕೆ ಕಾರಣ ಬಡತನ ಮಾತ್ರ.

ಇಲ್ಲಿ ಗಫಾರ್ ಖಾನರ ಜಾಣ್ಮೆಯನ್ನು ಗುರುತಿಸಬೇಕು. ಪಠಾಣ ಶಿಸ್ತು, ಶೌರ್ಯ, ಕೊಟ್ಟ ಮಾತುಗಳನ್ನು ಪ್ರಾಣದಂತೆ ಕಾಣುತ್ತಾನೆ. ಅವನ್ನು ಬಿಡು ಎಂದಿದ್ದರೆ ಯಾರೂ ಕೇಳುತ್ತಿರಲಿಲ್ಲ. ಕೋವಿ ಹಿಡಿದು ಕೊಲ್ಲುವುದಕ್ಕಿಂತ ಬರಿಗೈಯಲ್ಲಿ ನಿಂತು ಸಹಿಸುವುದಕ್ಕೆ ಹೆಚ್ಚಿನ ಗುಂಡಿಗೆ ಬೇಕು ಎಂದು ಅವರು ಸಾರಿದರು. ಅವರು ಆಧಾರವಾಗಿಟ್ಟುಕೊಂಡದ್ದು ಕುರಾನ್ ಹೇಳುವ ‘ಸಬ್ರ್’, ಅಂದರೆ ಸಹನೆ. ಮೆಕ್ಕಾದಲ್ಲಿ ಪ್ರವಾದಿ ಕಿರುಕುಳವನ್ನೆಲ್ಲ ತಾಳಿಕೊಂಡು ಕಳೆದ ವರ್ಷಗಳನ್ನು ಜನಕ್ಕೆ ನೆನಪಿಸಿದರು. ಹಾಗಾಗಿ ಅಹಿಂಸೆ ಅಲ್ಲಿನವರಿಗೆ ಹೊರಗಿನ ಸರಕೆನಿಸಲಿಲ್ಲ.

ದಂಡಿನವರು ಊರಿನ ಬೀದಿ ಗುಡಿಸಿದರು, ನೂಲು ತೆಗೆದರು, ಹಗೆಯಲ್ಲಿದ್ದ ಮನೆತನಗಳನ್ನು ಎದುರುಬದುರು ಕೂರಿಸಿ ರಾಜಿ ಮಾಡಿಸಿದರು. ಜಮೀನುದಾರ ಮತ್ತು ಗೇಣಿದಾರ ಒಂದೇ ಸಾಲಿನಲ್ಲಿ ಕವಾಯತು ಮಾಡಿದರು. ಹಿಂದೂಗಳಿಗೂ ಸಿಖ್ಖರಿಗೂ ಬಾಗಿಲು ತೆರೆದಿತ್ತು.

ಕಿಸ್ಸಾ ಖ್ವಾನಿ ಬಜಾರ್, 1930

ಗಾಂಧೀಜಿ ದಂಡಿಯಲ್ಲಿ ಉಪ್ಪು ಎತ್ತಿದ ತಿಂಗಳಲ್ಲೇ ಗಡಿನಾಡೂ ಕಾನೂನು ಭಂಗಕ್ಕೆ ಸಜ್ಜಾಯಿತು. ಏಪ್ರಿಲ್ 23ರಂದು ಪೇಶಾವರಕ್ಕೆ ಹೊರಟಿದ್ದ ಗಫಾರ್ ಖಾನರನ್ನು ದಾರಿಯಲ್ಲೇ ಬಂಧಿಸಲಾಯಿತು. ನಗರದಲ್ಲೂ ನಾಯಕರ ಬಂಧನವಾಯಿತು. ಜನ ಕಿಸ್ಸಾ ಖ್ವಾನಿ ಬಜಾರಿನಲ್ಲಿ ನೆರೆದರು. ಸೇನೆಯ ಕವಚದ ಕಾರುಗಳು ಆ ಗುಂಪಿನೊಳಗೆ ನುಗ್ಗಿದವು, ಕೆಲವರು ಗಾಲಿಗಳಡಿ ಸಿಕ್ಕಿ ಸತ್ತರು. ಗದ್ದಲದಲ್ಲಿ ಒಂದು ಕಾರಿಗೆ ಬೆಂಕಿ ಬಿತ್ತು, ಒಬ್ಬ ಸೈನಿಕನೂ ಸತ್ತ. ಸತ್ತವರ ದೇಹಗಳನ್ನು, ಗಾಯಗೊಂಡವರನ್ನು ಒಯ್ಯಲು ಬಿಡಿ, ಸೇನೆಯೂ ಹಿಂದೆ ಸರಿಯಲಿ, ನಾವೂ ಚದುರುತ್ತೇವೆ ಎಂದರು ಜನ. ಸರ್ಕಾರ ಒಪ್ಪಲಿಲ್ಲ. ಗುಂಡಿನ ಸುರಿಮಳೆ ಗಂಟೆಗಟ್ಟಲೆ ನಡೆಯಿತು. ಮುಂದಿದ್ದವರು ಬಿದ್ದಂತೆ ಹಿಂದಿನವರು ಮುಂದೆ ಬಂದು ನಿಂತರು. ಸತ್ತವರು ಸುಮಾರು 30 ಮಂದಿ ಎಂದಿತು ಸರ್ಕಾರ. ಜನರ ಲೆಕ್ಕದಲ್ಲಿ ನೂರಾರು. ವಿಠ್ಠಲಭಾಯಿ ಪಟೇಲರ ನೇತೃತ್ವದಲ್ಲಿ ಕಾಂಗ್ರೆಸ್ ನಡೆಸಿದ ವಿಚಾರಣೆಯ ವರದಿಯನ್ನು ಸರ್ಕಾರ ಮುಟ್ಟುಗೋಲು ಹಾಕಿತು.

ಆ ದಿನಗಳಲ್ಲೇ ಸಾಮ್ರಾಜ್ಯವನ್ನು ಹೆಚ್ಚು ಬೆಚ್ಚಿಸಿದ ಘಟನೆ ನಡೆಯಿತು. ರಾಯಲ್ ಗಢವಾಲ್ ರೈಫಲ್ಸ್‌ನ ಹಿಂದೂ ಸೈನಿಕರು ನಿರಾಯುಧ ಮುಸ್ಲಿಂ ಸೋದರರ ಮೇಲೆ ಗುಂಡು ಹಾರಿಸಲು ಒಪ್ಪಲಿಲ್ಲ. ಅವರಿಗೆ ಸೇನಾ ನ್ಯಾಯಾಲಯದಲ್ಲಿ ಕಠಿಣ ಶಿಕ್ಷೆಯಾಯಿತು. ಮುಂಚೂಣಿಯಲ್ಲಿದ್ದ ಚಂದ್ರಸಿಂಗ್ ಗಢವಾಲಿ ಹನ್ನೊಂದು ವರ್ಷ ಸೆರೆಯಲ್ಲಿ ಕಳೆದರು. ಪೇಶಾವರ ನಗರ ಕೆಲವು ದಿನ ಸರ್ಕಾರದ ಹಿಡಿತವನ್ನೇ ಕಳಚಿಕೊಂಡಿತು. ಮೇ 4ರಂದು ಸೇನೆ ಮತ್ತೆ ಒಳನುಗ್ಗಬೇಕಾಯಿತು.

ಮುಂದಿನದು ದಮನದ ಕಾಲ. ಉತ್ಮಾನ್‌ಜೈಯಲ್ಲಿ ದಂಡಿನ ಕಚೇರಿಯನ್ನು ಸುಟ್ಟರು. ಕೆಂಪಂಗಿ ತೆಗೆಯಲೊಪ್ಪದವರನ್ನು ಹೊಡೆದು ಬೆತ್ತಲೆ ಮಾಡಿದರು. ಬೆತ್ತಲೆ ಮಾಡುವುದು ಪಠಾಣನಿಗೆ ಸಾವಿಗಿಂತ ಕೆಟ್ಟ ಅವಮಾನ. ಹಳೆಯ ಕಟ್ಟಳೆಯ ಪ್ರಕಾರ ಅದಕ್ಕೆ ರಕ್ತವೇ ಉತ್ತರ. ಮನೆಯ ಗೋಡೆಯ ಮೇಲೆ ಕೋವಿ ತೂಗುತ್ತಿದ್ದರೂ ಈ ಜನ ಅದನ್ನು ಕೆಳಗಿಳಿಸಲಿಲ್ಲ. ಪ್ರಮಾಣ ಮಾಡಿದ ನಾಲಿಗೆಗೆ ಅವರು ಕೊಟ್ಟ ಬೆಲೆ ಅದು. ಆ ಏಪ್ರಿಲ್‌ಗೆ ಮೊದಲು ಸಾವಿರದ ಆಸುಪಾಸಿನಲ್ಲಿದ್ದ ದಂಡು ಕೆಲವೇ ತಿಂಗಳಲ್ಲಿ ಹತ್ತಾರು ಸಾವಿರಕ್ಕೆ ಬೆಳೆಯಿತು. ಸರ್ಕಾರ ಮೂರು ದಶಕ ತಡೆಹಿಡಿದಿದ್ದ ರಾಜಕೀಯ ಹಕ್ಕುಗಳನ್ನು 1932ರಲ್ಲಿ ಬಿಟ್ಟುಕೊಟ್ಟು ಗಡಿನಾಡಿಗೂ ಗವರ್ನರ್ ಪ್ರಾಂತ್ಯದ ಸ್ಥಾನ ನೀಡಬೇಕಾಯಿತು.

ತತ್ವಕ್ಕಾಗಿ ಒಂಟಿಯಾಗಿ

1931ರಲ್ಲಿ ಖುದಾಯಿ ಖಿದ್ಮತ್‌ಗಾರರು ಕಾಂಗ್ರೆಸ್ಸಿನ ಸ್ವಯಂಸೇವಕ ಪಡೆಯ ಭಾಗವಾದರು. ನಮ್ಮ ಹುಬ್ಬಳ್ಳಿಯ ಡಾ. ನಾ.ಸು. ಹರ್ಡೀಕರರು ಬೆಳೆಸಿದ ಹಿಂದುಸ್ತಾನಿ ಸೇವಾದಳವನ್ನು ಕಾಂಗ್ರೆಸ್ ತನ್ನ ಅಧಿಕೃತ ಪಡೆಯಾಗಿ ಸ್ವೀಕರಿಸಿದ್ದೂ ಆ ವರ್ಷವೇ. ಶಿಸ್ತು ಕಲಿಯದ ಗುಂಪಿನಿಂದ ಅಹಿಂಸೆಯ ಹೋರಾಟ ಸಾಧ್ಯವಿಲ್ಲ ಎಂಬುದನ್ನು ಉತ್ತರದ ಗಡಿಯಲ್ಲೂ ನಮ್ಮ ನಾಡಿನಲ್ಲೂ ಇಬ್ಬರು ಸ್ವತಂತ್ರವಾಗಿ ಕಂಡುಕೊಂಡಿದ್ದರು.

ಗಫಾರ್ ಖಾನ್ ಮತ್ತೆ ಸೆರೆಗೆ ಹೋದರು. ಬಿಡುಗಡೆಯಾದರೂ ಸ್ವಂತ ಪ್ರಾಂತ್ಯಕ್ಕೆ ಕಾಲಿಡದಂತೆ ನಿರ್ಬಂಧ ಬಿತ್ತು. ಆಗ ವಾರ್ಧಾದಲ್ಲಿ ಗಾಂಧೀಜಿಯ ಜೊತೆ ಉಳಿದರು. 1934ರಲ್ಲಿ ಕಾಂಗ್ರೆಸ್ ಅಧ್ಯಕ್ಷ ಪದವಿ ಅರಸಿ ಬಂದಾಗ, ನಾನೊಬ್ಬ ಸೇವಕ, ಅಷ್ಟೇ ಸಾಕು ಎಂದು ನಿರಾಕರಿಸಿದರು. 1940ರಲ್ಲಿ ಷರತ್ತುಗಳ ಮೇಲೆ ಬ್ರಿಟಿಷರ ಯುದ್ಧಕ್ಕೆ ಸಹಕರಿಸಲು ಕಾಂಗ್ರೆಸ್ ಒಲವು ತೋರಿದಾಗ ಕಾರ್ಯಕಾರಿ ಸಮಿತಿಗೇ ರಾಜೀನಾಮೆ ಕೊಟ್ಟರು. ದೊಡ್ಡ ದೊಡ್ಡ ನಾಯಕರಿಗೆ ಅಹಿಂಸೆ ಒಂದು ನೀತಿಯಾಗಿದ್ದಾಗ ಯುದ್ಧಪ್ರಿಯರೆಂದು ಹೆಸರಾದ ಜನಾಂಗದ ಈ ಮನುಷ್ಯನಿಗೆ ಅದು ನಂಬಿಕೆಯಾಗಿತ್ತು. 1942ರ ಚಳವಳಿಯಲ್ಲಿ ಪೊಲೀಸರ ಲಾಠಿಗೆ ಅವರ ಪಕ್ಕೆಲುಬುಗಳು ಮುರಿದವು.

ಸ್ವತಂತ್ರ ದೇಶದ ಕೈದಿ

1946ರ ಚುನಾವಣೆಯಲ್ಲಿ ಮುಸ್ಲಿಮರೇ ಬಹುಸಂಖ್ಯಾತರಾದ ಆ ಪ್ರಾಂತ್ಯ 50ರಲ್ಲಿ 30 ಸ್ಥಾನಗಳನ್ನು ಕಾಂಗ್ರೆಸ್ಸಿಗೆ ಕೊಟ್ಟಿತು. ಡಾ. ಖಾನ್ ಸಾಹೇಬ್ ಮತ್ತೆ ಮುಖ್ಯಮಂತ್ರಿಯಾದರು. ಮರುವರ್ಷ ಕೋಮುದಳ್ಳುರಿಯಲ್ಲಿ ಖುದಾಯಿ ಖಿದ್ಮತ್‌ಗಾರರು ಹಿಂದೂ, ಸಿಖ್ಖರ ಬೀದಿಗಳಿಗೆ ಕಾವಲು ನಿಂತರು. ಅಷ್ಟಾದರೂ ದೇಶ ವಿಭಜನೆಗೆ ಕಾಂಗ್ರೆಸ್ ಒಪ್ಪಿತು. ನಮ್ಮನ್ನು ತೋಳಗಳ ಬಾಯಿಗೆ ಎಸೆದಿರಿ ಎಂಬ ಗಫಾರ್ ಖಾನರ ನೋವಿನ ಮಾತಿಗೆ ಉತ್ತರ ಯಾರಲ್ಲೂ ಇರಲಿಲ್ಲ. ಭಾರತವೋ ಪಾಕಿಸ್ತಾನವೋ ಎಂಬ ಎರಡೇ ಆಯ್ಕೆಗಳ ಜನಮತಗಣನೆಯನ್ನು ಅವರು ಬಹಿಷ್ಕರಿಸಿದರು.

ಪ್ರಾಂತ್ಯ ಪಾಕಿಸ್ತಾನದ ಪಾಲಾದ ಮೇಲೆ ಅವರು ಹೊಸ ದೇಶಕ್ಕೆ ನಿಷ್ಠೆ ಘೋಷಿಸಿದರೂ ಅಲ್ಲಿನ ಸರ್ಕಾರ ಅವರನ್ನು ನಂಬಲಿಲ್ಲ. 1948ರ ಆಗಸ್ಟ್ 12ರಂದು ಚಾರ್‌ಸದ್ದಾ ಬಳಿಯ ಬಬ್ರಾದಲ್ಲಿ ಅವರ ಅನುಯಾಯಿಗಳ ಮೇಲೆ ಗುಂಡು ಹಾರಿತು. ಈ ಸಲ ಟ್ರಿಗರ್ ಒತ್ತಿದ್ದು ಸ್ವದೇಶದ ಬೆರಳು. ದಂಡು ನಿಷೇಧಕ್ಕೊಳಗಾಯಿತು. ಬ್ರಿಟಿಷರ ಸೆರೆಮನೆಗಳಿಗಿಂತ ಸ್ವತಂತ್ರ ಪಾಕಿಸ್ತಾನದ ಸೆರೆಮನೆ ಕಠಿಣವಾಗಿತ್ತು ಎಂದು ಗಫಾರ್ ಖಾನ್ ನೋವಿನಿಂದ ಹೇಳುತ್ತಿದ್ದರು. 1969ರಲ್ಲಿ ಗಾಂಧಿ ಶತಮಾನೋತ್ಸವಕ್ಕೆ ಭಾರತಕ್ಕೆ ಬಂದಾಗ ಗುಜರಾತಿನ ಕೋಮುಗಲಭೆಯ ಸುದ್ದಿ ಕೇಳಿ ಮೂರು ದಿನ ಉಪವಾಸ ಕೂತರು. ಗಾಂಧೀಜಿಯನ್ನು ನೀವು ಮರೆತಿದ್ದೀರಿ ಎಂದು ನಮ್ಮ ನಾಯಕರಿಗೆ ನೇರವಾಗಿ ಹೇಳಿದರು. 1987ರಲ್ಲಿ ಭಾರತರತ್ನ ಬಂತು. 1988ರ ಜನವರಿ 20ರಂದು ಪೇಶಾವರದಲ್ಲಿ ತೀರಿಕೊಂಡ ಅವರ ದೇಹವನ್ನು, ಅವರ ಇಚ್ಛೆಯಂತೆ, ಗಡಿಯಾಚೆ ಅಫ್ಘಾನಿಸ್ತಾನದ ಜಲಾಲಾಬಾದಿನಲ್ಲಿ ಮಣ್ಣು ಮಾಡಲಾಯಿತು.

ಸುಧಾರಣೆಯೇ ಬುನಾದಿ

ಈ ಚಳವಳಿಗೆ ಮಿತಿಗಳೂ ಇದ್ದವು. ಒಬ್ಬ ವ್ಯಕ್ತಿಯ ಮೇಲೆ ಅದು ವಿಪರೀತ ಅವಲಂಬಿಸಿತ್ತು. ಹೆಂಗಸರು ಬರೆದರು, ಸಭೆಗಳಿಗೆ ಬಂದರು, ಆದರೆ ನಾಯಕತ್ವ ಗಂಡಸರಲ್ಲೇ ಉಳಿಯಿತು. ವಿಭಜನೆಯ ಬಿರುಗಾಳಿಯನ್ನು ತಡೆಯುವ ಶಕ್ತಿ ಅದಕ್ಕಿರಲಿಲ್ಲ. ಇವನ್ನೆಲ್ಲ ಒಪ್ಪಿದ ಮೇಲೂ ಅದು ತೋರಿಸಿದ ಸತ್ಯ ಹಾಗೇ ಉಳಿಯುತ್ತದೆ. ಪರಕೀಯ ಆಡಳಿತವನ್ನು ಎದುರಿಸುವ ಮೊದಲು ಪಠಾಣರು ತಮ್ಮೊಳಗಿನ ಹಗೆಯನ್ನು, ಅಜ್ಞಾನವನ್ನು, ಹೆಣ್ಣುಮಕ್ಕಳ ಮೇಲಿನ ಕಟ್ಟುಪಾಡನ್ನು ಎದುರಿಸತೊಡಗಿದ್ದರು. ನೆರೆಮನೆಯವನ ಮೇಲಿನ ಸೇಡನ್ನು ಬಿಡಲು ಕಲಿತವನಿಗೆ ಮಾತ್ರ ಗುಂಡಿಕ್ಕುವ ಸೈನಿಕನ ಮುಂದೆ ಕೈ ಕಟ್ಟಿ ನಿಲ್ಲುವುದು ಸಾಧ್ಯವಾಯಿತು.

ಅಹಿಂಸೆ ಈ ಕಾಲಕ್ಕೆ ಒಗ್ಗದು, ಎದುರಾಳಿ ಸಭ್ಯನಾಗಿದ್ದರೆ ಮಾತ್ರ ಅದು ಫಲಿಸುತ್ತದೆ ಎಂದು ಹೇಳುವವರು ಗಡಿನಾಡಿನ ಇತಿಹಾಸವನ್ನು ಓದಬೇಕು. ಅಲ್ಲಿ ಎದುರಾಳಿ ಸಭ್ಯನಾಗಿರಲಿಲ್ಲ, ಜನರೂ ಹುಟ್ಟಾ ಸಾಧುಗಳಾಗಿರಲಿಲ್ಲ. ಗುಂಡು ಹಾರಿದ ದಿನಗಳನ್ನು ನಾವು ನೆನೆಯುತ್ತೇವೆ, ನೆನೆಯಲೇಬೇಕು. ಆದರೆ ಒಂದು ಸಮಾಜ ಅನ್ಯಾಯದ ಎದುರು ನಿಲ್ಲುವ ಬಲ ಪಡೆಯುವುದು ಯಾರೂ ಗಮನಿಸದ ಶಾಲೆಯ ವರ್ಷಗಳಲ್ಲಿ, ರಾಜಿ ಪಂಚಾಯಿತಿಗಳಲ್ಲಿ, ಊರ ಸೇವೆಯಲ್ಲಿ. ನಾಳೆಯ ಹೋರಾಟಗಳು ಗೆಲ್ಲಬೇಕೆಂದು ಬಯಸುವವರು ಆ ಕೆಲಸವನ್ನು ಹೋರಾಟಕ್ಕೆ ಬಹಳ ಮೊದಲೇ, ತಮ್ಮ ಊರಿನಿಂದಲೇ ಆರಂಭಿಸಬೇಕು.