ಗಡಿ ದಾಟುವ ಪಡಿತರ ಅಕ್ಕಿ: ಲಾಭ ಯಾರಿಗೆ?

ಪಡಿತರ ಅಕ್ಕಿಯನ್ನು ತುಂಬಿಕೊಂಡು ಕರ್ನಾಟಕದತ್ತ ಹೊರಟಿದ್ದ ವಾಹನ ಸಿಕ್ಕಿಬಿದ್ದ ಸುದ್ದಿ ಹೊಸೂರು, ಕೃಷ್ಣಗಿರಿ ಭಾಗದ ನಮಗೆ ಹೊಸದಲ್ಲ. ಸಿಕ್ಕಿಬೀಳುವವನು ಬಹುಮಟ್ಟಿಗೆ ಚಾಲಕ. ಅಷ್ಟೊಂದು ಅಕ್ಕಿ ಎಲ್ಲಿಂದ ಬಂತು, ಹಣ ಹೂಡಿದವರು ಯಾರು ಎಂದು ನಾವು ಕೇಳುವುದು ಕಡಿಮೆ.

ತಮಿಳುನಾಡಿನಲ್ಲಿ 2011ರ ಜೂನ್‌ನಿಂದ ಅಕ್ಕಿ ಕಾರ್ಡುದಾರರಿಗೆ ಪಡಿತರ ಅಕ್ಕಿ ಉಚಿತ. ಗಡಿಯಾಚೆ ಅದೇ ಅಕ್ಕಿಗೆ ಮಾರುಕಟ್ಟೆಯ ಬೆಲೆಯುಂಟು. ಈ ಅಂತರವೇ ಕಳ್ಳಸಾಗಣೆಗಾರರ ಗಳಿಕೆಯ ಮೂಲ.

ಜಾಲದ ಕೆಲಸ ಹಂತಹಂತವಾಗಿ ನಡೆಯುತ್ತದೆ. ಮೊದಲು ಊರಿನ ದಲ್ಲಾಳಿ ಮನೆಬಾಗಿಲಿಗೆ ಬಂದು ಕಿಲೋಗೆ ಕೆಲವೇ ರೂಪಾಯಿ ಕೊಟ್ಟು ಅಕ್ಕಿ ಕೊಳ್ಳುತ್ತಾನೆ. ಹೀಗೆ ಕೂಡಿದ್ದನ್ನು ಮನೆಯಲ್ಲೋ ಶೆಡ್ಡಿನಲ್ಲೋ ಬಚ್ಚಿಟ್ಟು, ಚೀಲ ಬದಲಿಸಿ, ವಾಹನಗಳಲ್ಲಿ ಗಡಿ ದಾಟಿಸುತ್ತಾರೆ. ಕೊನೆಗೆ ಗಿರಣಿಯಲ್ಲಿ ಪಾಲಿಶ್ ಮಾಡಿದ ಅಕ್ಕಿ ಹೊಸ ಹೆಸರಿನಲ್ಲಿ ಅಂಗಡಿಗೆ ಬರುತ್ತದೆ. ಅಲ್ಲಿಗೆ ಅದು ಸರ್ಕಾರದ ಅಕ್ಕಿ ಎಂಬ ಗುರುತೇ ಅಳಿಯುತ್ತದೆ. ಕಳ್ಳ ವ್ಯಾಪಾರಕ್ಕೆ ನ್ಯಾಯವಾದ ವ್ಯಾಪಾರದ ವೇಷ ಸಿಗುತ್ತದೆ.

ಗಡಿಯ ಅಂತರವನ್ನೇ ನಂಬಿದ ಇನ್ನೊಂದು ಸರಕು ಎದುರು ದಿಕ್ಕಿನಿಂದ ಬರುತ್ತದೆ. ತಂಬಾಕು ಬೆರೆತ ಗುಟ್ಕಾ, ಪಾನ್ ಮಸಾಲೆಗಳು ತಮಿಳುನಾಡಿನಲ್ಲಿ 2013ರಿಂದ ನಿಷಿದ್ಧ. ಬೆಂಗಳೂರಿನ ಕಡೆಯಿಂದ ಹೊಸೂರಿನ ಮೂಲಕ ಒಳಬರುವ ಈ ಪೊಟ್ಟಣಗಳು ಗುಟ್ಟಾಗಿ ಹೆಚ್ಚಿನ ಬೆಲೆಗೆ ಮಾರಾಟವಾಗುತ್ತವೆ. ಶಾಲೆಯಿಂದ 100 ಗಜದೊಳಗೆ ಯಾವುದೇ ತಂಬಾಕು ಪದಾರ್ಥವನ್ನು ಮಾರಬಾರದೆಂದು 2003ರ ಕೇಂದ್ರ ಕಾಯಿದೆಯೇ ಹೇಳುತ್ತದೆ. ನಮ್ಮ ಮಕ್ಕಳು ಓಡಾಡುವ ದಾರಿಯ ಪ್ರಶ್ನೆ ಇದು.

ಕಾನೂನು ಹಗುರವಾದುದಲ್ಲ. 1955ರ ಅಗತ್ಯ ವಸ್ತುಗಳ ಕಾಯಿದೆಯಡಿ 7 ವರ್ಷಗಳವರೆಗೆ ಸೆರೆವಾಸ ವಿಧಿಸಬಹುದು. ಸರಕಿನೊಡನೆ ವಾಹನವನ್ನೂ ಮುಟ್ಟುಗೋಲು ಹಾಕಿಕೊಳ್ಳಬಹುದು. ಕಾಳಸಂತೆ ತಡೆಯ 1980ರ ಕಾಯಿದೆಯಡಿ 6 ತಿಂಗಳವರೆಗೆ ಮುಂಜಾಗ್ರತಾ ಬಂಧನವೂ ಸಾಧ್ಯ. ಆದರೂ ದಿನಗೂಲಿಗೆ ವಾಹನ ಓಡಿಸಿದ ಯುವಕ ಜೈಲು ಸೇರಿದರೆ ಜಾಲವು ಮತ್ತೊಬ್ಬನನ್ನು ಹುಡುಕಿಕೊಳ್ಳುತ್ತದೆ. ಅವನ ಮನೆಯವರು ಮಾತ್ರ ನ್ಯಾಯಾಲಯಕ್ಕೆ ಅಲೆಯಬೇಕಾಗುತ್ತದೆ.

ನಮ್ಮ ಅನೇಕ ಮನೆಗಳಲ್ಲಿ ರಾಗಿಮುದ್ದೆಯೇ ಮುಖ್ಯ ಊಟ. ಪಡಿತರ ಅಕ್ಕಿ ಉಳಿಯುತ್ತದೆ. ಉಳಿದದ್ದನ್ನು ಮಾರಿದರೆ ತಪ್ಪೇನು ಎನಿಸುವುದು ಸಹಜ. ಆದರೆ ದಲ್ಲಾಳಿಯ ಚೀಲ ತುಂಬುವುದು ಇಂತಹ ಹಿಡಿಹಿಡಿ ಅಕ್ಕಿಯಿಂದಲೇ. ನಮಗೆ ಸಿಗುವುದು ಬಿಡಿಗಾಸು, ಲಾಭ ಕಾಣದ ಕೈಗಳಿಗೆ. ಅಕ್ಕಿ ಬೇಡವಾದವರು ಅಕ್ಕಿ ಕಾರ್ಡನ್ನು ಸಕ್ಕರೆ ಕಾರ್ಡಾಗಿ ಬದಲಿಸಿಕೊಳ್ಳಲು ಅವಕಾಶವಿದೆ.

ಕುಟುಂಬ ಕಾರ್ಡನ್ನು ಪರರ ಕೈಗೆ ಕೊಡದಿರೋಣ. ಪಡಿತರ ವಿತರಣೆಯಾದಾಗ ನೋಂದಾಯಿತ ಮೊಬೈಲಿಗೆ ಸಂದೇಶ ಬರುತ್ತದೆ. ಕೊಳ್ಳದ ಅಕ್ಕಿಯನ್ನು ಕೊಂಡಂತೆ ಸಂದೇಶ ಬಂದರೆ 1967ಕ್ಕೆ ಕರೆಮಾಡಿ ದೂರು ನೀಡೋಣ. ವಾಹನ ಹಿಡಿಯುವುದು ಪೊಲೀಸರ ಕೆಲಸ. ನಮ್ಮ ಮನೆಬಾಗಿಲಲ್ಲಿ ಚೀಲ ತುಂಬದಂತೆ ನೋಡಿಕೊಳ್ಳುವುದು ನಮ್ಮ ಕೆಲಸ.